ಕಾಲು ಮಿಲಿಮೀಟರಿನ ಲೆಕ್ಕ

2024ರ ಪ್ಯಾರಿಸ್ ಒಲಿಂಪಿಕ್ಸ್ ನಡೆಯುತ್ತಿದ್ದಾಗ ಟರ್ಕಿಯ ಶೂಟರ್ ಯೂಸುಫ್ ಡಿಕೆಚ್ ಅವರ ಒಂದು ಚಿತ್ರ ಎಲ್ಲರ ಮೊಬೈಲಿಗೂ ಬಂದು ಬಿತ್ತು. ವಯಸ್ಸು ಐವತ್ತೊಂದು. ಮೈಮೇಲೆ ಸಾದಾ ಟಿ-ಶರ್ಟ್, ಮೂಗಿನ ಮೇಲೆ ದಿನನಿತ್ಯದ ಕನ್ನಡಕ, ಎಡಗೈ ಪ್ಯಾಂಟಿನ ಜೇಬಿನಲ್ಲಿ, ಮುಂದಕ್ಕೆ ಚಾಚಿದ ಬಲಗೈಯಲ್ಲಿ ಪಿಸ್ತೂಲು. ಉಳಿದವರಲ್ಲಿ ಹಲವರು ಒಂದು ಕಣ್ಣಿಗೆ ಮರೆ ಕಟ್ಟಿಕೊಂಡು, ಇನ್ನೊಂದಕ್ಕೆ ವಿಶೇಷ ಲೆನ್ಸ್ ಹಾಕಿಕೊಂಡು ನಿಂತಿದ್ದರೆ, ಇವರು ಹೀಗೆ ಬಂದು ಶೆವ್ವಾಲ್ ಇಲಾಯ್ದಾ ತರ್ಹಾನ್ ಜೊತೆಗೂಡಿ 10 ಮೀಟರ್ ಏರ್ ಪಿಸ್ತೂಲ್ ಮಿಶ್ರ ತಂಡ ಸ್ಪರ್ಧೆಯ ಬೆಳ್ಳಿ ಗೆದ್ದರು. ಸಲಕರಣೆಯೆಲ್ಲ ಆಡಂಬರ, ಕೈಯಲ್ಲಿ ಕಸುಬಿದ್ದರೆ ಸಾಕು ಎಂಬ ತೀರ್ಪು ಕೂಡಲೇ ಹೊರಬಿತ್ತು. ಆ ತೀರ್ಪು ಕೊಟ್ಟವರು ಚಿತ್ರದಲ್ಲಿ ಕನ್ನಡಕವನ್ನು ನೋಡಿದರು, ಜೇಬನ್ನು ನೋಡಿದರು, ಬಲಗೈಯಲ್ಲಿದ್ದ ವಸ್ತುವನ್ನು ನೋಡಲಿಲ್ಲ. ಜೇಬಿಗೆ ಕೈ ಹಾಕುವುದು ಪಿಸ್ತೂಲ್ ಶೂಟರ್‌ಗಳಲ್ಲಿ ಸಾಮಾನ್ಯ ರೂಢಿ. ಬಿಡುವಾಗಿರುವ ಕೈ ಅಲುಗಾಡಿದರೆ ದೇಹವೂ ಅಲುಗಾಡುತ್ತದೆ, ಅದಕ್ಕೆ ಒಂದು ನೆಲೆ ಬೇಕು. ಬಲಗೈಯಲ್ಲಿದ್ದದ್ದು ಮಾತ್ರ ಸಾದಾ ಪಿಸ್ತೂಲಲ್ಲ. ಅದು ಉಳಿದ ಸ್ಪರ್ಧಿಗಳ ಕೈಯಲ್ಲಿದ್ದಂಥದೇ ಸ್ಪರ್ಧಾ ಪಿಸ್ತೂಲು. ಅಂಗೈಯ ಏರುತಗ್ಗಿಗೆ ತಕ್ಕಂತೆ ಕೆತ್ತಿದ ಮರದ ಹಿಡಿ, ಎಲ್ಲ ದಿಕ್ಕಿಗೂ ಸರಿಸಬಹುದಾದ ಟ್ರಿಗರ್, ಅಗಲ ಬದಲಿಸಬಹುದಾದ ಸೈಟು, ಇಷ್ಟೂ ಅದರಲ್ಲಿದ್ದವು. ಕಣ್ಣಿನ ಸಲಕರಣೆಯನ್ನು ಕೈಬಿಟ್ಟ ಮನುಷ್ಯ ಕೈಯ ಸಲಕರಣೆಯನ್ನು ಕೈಬಿಟ್ಟಿರಲಿಲ್ಲ. ಈ ವ್ಯತ್ಯಾಸದಲ್ಲೇ ಪಿಸ್ತೂಲ್ ಶೂಟಿಂಗ್‌ನ ತಿರುಳಿದೆ.

ಪಿಸ್ತೂಲನ್ನು 'ಟ್ಯೂನ್' ಮಾಡುವುದೆಂದರೆ ಅದರ ಗುರಿಯನ್ನು ಇನ್ನಷ್ಟು ನಿಖರಗೊಳಿಸುವುದು ಎಂದು ಹೊರಗಿನವರು ತಿಳಿಯುತ್ತಾರೆ. ಹೊಸದಾಗಿ ರೇಂಜಿಗೆ ಬಂದವರೂ ಹಾಗೇ ತಿಳಿದು, ಒಳ್ಳೆಯ ಪೆಲೆಟ್ಟು, ಒಳ್ಳೆಯ ಬ್ಯಾರೆಲ್ಲು ಎಂದು ಹುಡುಕಲು ತೊಡಗುತ್ತಾರೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ಸ್ಪರ್ಧಾ ಪಿಸ್ತೂಲು ಕಾರ್ಖಾನೆಯಿಂದ ಹೊರಬರುವಾಗಲೇ ಅದನ್ನು ಹಿಡಿಯುವ ಮನುಷ್ಯನಿಗಿಂತ ಎಷ್ಟೋ ಪಟ್ಟು ನಿಖರವಾಗಿರುತ್ತದೆ. ಹೊಂದಿಸಬೇಕಾದದ್ದು ಪಿಸ್ತೂಲು ಮತ್ತು ದೇಹ ಒಂದನ್ನೊಂದು ಮುಟ್ಟುವ ಜಾಗಗಳನ್ನು. ಹಾಗಾಗಿ ಕೆಲಸ ಅಂಗೈಯಿಂದ ಶುರುವಾಗಿ, ಕಣ್ಣಿಗೆ ಬಂದು, ತೋರುಬೆರಳಿಗೆ ಹೋಗಿ, ಯಂತ್ರದ ಒಳಭಾಗವನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕು. ಬಹುತೇಕರು ಹೋಗುವುದು ಇದರ ಉಲ್ಟಾ ದಾರಿಯಲ್ಲಿ.

ಈ ಮಾತಿಗೆ ಆಧಾರ ಬೇಕಾದರೆ ಆಟದ ಅಳತೆಗಳನ್ನು ನೋಡಬೇಕು. ಏರ್ ಪಿಸ್ತೂಲಿನಲ್ಲಿ ಗುರಿ ಇರುವುದು 10 ಮೀಟರ್ ದೂರದಲ್ಲಿ. 4.5 ಮಿಲಿಮೀಟರ್ ವ್ಯಾಸದ, ಅರ್ಧ ಗ್ರಾಮಿನಷ್ಟು ತೂಕದ ಸೀಸದ ಪೆಲೆಟ್ಟನ್ನು ಒತ್ತಿದ ಗಾಳಿ ತಳ್ಳುತ್ತದೆ. ಕಪ್ಪು ವೃತ್ತದ ವ್ಯಾಸ 59.5 ಮಿಲಿಮೀಟರ್, ಅದರ ನಡುವಿನ ಹತ್ತರ ವೃತ್ತದ್ದು 11.5. ಪೆಲೆಟ್ಟಿನ ಅಂಚು ವೃತ್ತದ ಗೆರೆ ಮುಟ್ಟಿದರೂ ಅಂಕ ಸಿಗುತ್ತದೆ. ಅಂದರೆ ಪೆಲೆಟ್ಟಿನ ನಡುಬಿಂದು ಗುರಿಯ ಕೇಂದ್ರದಿಂದ 8 ಮಿಲಿಮೀಟರಿನೊಳಗೆ ಬಿದ್ದರೆ ಹತ್ತು. ಅಲ್ಲಿಂದ ಪ್ರತಿ 8 ಮಿಲಿಮೀಟರಿಗೆ ಒಂದು ಅಂಕ ಕಡಿಮೆ. ಅರ್ಹತಾ ಸುತ್ತಿನಲ್ಲಿ ಇಂಥ 60 ಗುಂಡುಗಳು, 75 ನಿಮಿಷ, ಒಂದೇ ಕೈ, ಯಾವ ಆಸರೆಯೂ ಇಲ್ಲ. ಈಗ ಪಿಸ್ತೂಲಿನ ಮೇಲಿರುವ ಎರಡು ಸೈಟುಗಳನ್ನು ನೋಡಿ. ಹಿಂದಿನದರಲ್ಲಿ ಒಂದು ಚೌಕ ಕಚ್ಚು, ಮುಂದಿನದು ಒಂದು ನೆಟ್ಟಗಿನ ಪಟ್ಟಿ. ಎರಡರ ನಡುವಿನ ಅಂತರ ಸುಮಾರು 320 ಮಿಲಿಮೀಟರ್ ಎಂದುಕೊಂಡರೆ, ಗುರಿ ಅದರ 30 ಪಟ್ಟು ದೂರದಲ್ಲಿದೆ. ಕೈ ಕದಲಿ ಇಡೀ ಪಿಸ್ತೂಲು 1 ಮಿಲಿಮೀಟರ್ ಪಕ್ಕಕ್ಕೆ ಸರಿಯಿತೆನ್ನಿ, ಸೈಟುಗಳು ನೇರವಾಗೇ ಇದ್ದರೆ ಪೆಲೆಟ್ಟೂ 1 ಮಿಲಿಮೀಟರಷ್ಟೇ ಸರಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಮಣಿಕಟ್ಟು ತಿರುಗಿ ಮುಂದಿನ ಸೈಟು ಹಿಂದಿನದರ ಕಚ್ಚಿನಲ್ಲಿ 1 ಮಿಲಿಮೀಟರ್ ಓರೆಯಾದರೆ ಪೆಲೆಟ್ಟು 30 ಮಿಲಿಮೀಟರ್ ಆಚೆ ಬೀಳುತ್ತದೆ. ಹತ್ತು ಹೋಗಿ ಏಳಾಗುತ್ತದೆ. ಹತ್ತನ್ನು ಕಳೆದುಕೊಳ್ಳಲು ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚಿನ ಓರೆ ಸಾಕು.

ಕೈ ನಡುಗುವುದು ಎಲ್ಲರಿಗೂ ಇದೆ. ಎದೆಯ ಬಡಿತ, ಉಸಿರು, ಸ್ನಾಯುಗಳ ಸೂಕ್ಷ್ಮ ಕಂಪನ ಇವುಗಳನ್ನು ಯಾವ ಚಾಂಪಿಯನ್ನೂ ನಿಲ್ಲಿಸಲಾರ. ಬ್ಯಾರೆಲ್ಲಿಗೆ ಸಂವೇದಕ ಕಟ್ಟಿ ಗುರಿಯ ಮೇಲೆ ಪಿಸ್ತೂಲಿನ ಅಲೆದಾಟವನ್ನು ಗೆರೆಯಾಗಿ ಪರದೆಯಲ್ಲಿ ತೋರಿಸುವ 'ಸ್ಕ್ಯಾಟ್'ನಂಥ ತರಬೇತಿ ಯಂತ್ರಗಳಿವೆ. ಒಲಿಂಪಿಕ್ ಮಟ್ಟದವರ ಗೆರೆಯೂ ಅದರಲ್ಲಿ ಒಂದು ಸಣ್ಣ ಗೋಜಲಾಗಿಯೇ ಕಾಣುತ್ತದೆ. ಆ ಗೋಜಲು ಹೆಚ್ಚು ಹಾನಿ ಮಾಡುವುದಿಲ್ಲ, ಏಕೆಂದರೆ ಅದರ ದೊಡ್ಡ ಪಾಲು ತೋಳಿನ ಅಲೆದಾಟ. ಹಾನಿ ಮಾಡುವುದು ಗುಂಡು ಹಾರುವ ಕೊನೆಯ ಕ್ಷಣದಲ್ಲಿ ಬೆರಳಿನ ಒತ್ತಡಕ್ಕೆ ಗೆರೆ ಥಟ್ಟನೆ ಒಂದು ಪಕ್ಕಕ್ಕೆ ಚಿಮ್ಮುವುದು. ತೋಳಿನ ಅಲೆದಾಟವನ್ನು ವರ್ಷಗಳ ಅಭ್ಯಾಸ ಮಾತ್ರ ತಗ್ಗಿಸೀತು. ಚಿಮ್ಮುವಿಕೆಗೆ ಅಭ್ಯಾಸದ ಕೊರತೆಯೂ ಕಾರಣವಾಗಬಹುದು, ಕೈಗೆ ಹೊಂದದ ಹಿಡಿಯೂ ಕಾರಣವಾಗಬಹುದು. ಟ್ಯೂನಿಂಗ್‌ಗೆ ಕೆಲಸವಿರುವುದು ಇಲ್ಲಿ.

ಪೆಲೆಟ್ಟು, ಬ್ಯಾರೆಲ್ಲುಗಳ ವಿಷಯ ಏಕೆ ಕೊನೆಗೆ ಎಂಬುದಕ್ಕೆ ಒಂದು ಸರಳ ಗಣಿತವಿದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ತಪ್ಪುಗಳು ಕೂಡಿದಾಗ ಅವು ನೇರವಾಗಿ ಕೂಡುವುದಿಲ್ಲ. ಅವುಗಳ ವರ್ಗಗಳು ಕೂಡುತ್ತವೆ. ಕೈಯಿಂದಾಗುವ ಚದುರುವಿಕೆ 10 ಮಿಲಿಮೀಟರ್, ಪಿಸ್ತೂಲು-ಪೆಲೆಟ್ಟಿನಿಂದಾಗುವುದು 3 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ನೂರಕ್ಕೆ ಒಂಬತ್ತು ಸೇರಿ ನೂರಾ ಒಂಬತ್ತು, ಅದರ ವರ್ಗಮೂಲ ಸುಮಾರು 10.4. ಯಂತ್ರವನ್ನು ಪೂರ್ತಿ ದೋಷರಹಿತ ಮಾಡಿದರೂ ಆ ಶೂಟರ್‌ಗೆ ದಕ್ಕುವುದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಅದೇ, ಕೈಯ ಚದುರುವಿಕೆ 4 ಮಿಲಿಮೀಟರಿಗೆ ಇಳಿದಿರುವ ಶೂಟರ್‌ಗೆ ಒಟ್ಟು 5. ಯಂತ್ರದ ದೋಷ ತೆಗೆದರೆ 4. ಐದರಲ್ಲಿ ಒಂದು ಪಾಲು ಲಾಭ. ಹಾಗಾಗಿ ರಾಷ್ಟ್ರೀಯ ತಂಡದವರು ಪಿಸ್ತೂಲನ್ನು ವೈಸ್‌ನಲ್ಲಿ ಕಚ್ಚಿಸಿ, 4.48, 4.49, 4.50 ಹೀಗೆ ತಲೆಯ ಅಳತೆ ಬೇರೆ ಬೇರೆ ಇರುವ ಪೆಲೆಟ್ಟುಗಳನ್ನು ಹಾರಿಸಿ ತಮ್ಮ ಬ್ಯಾರೆಲ್ಲಿಗೆ ಒಪ್ಪುವುದನ್ನು ಆರಿಸಿಕೊಳ್ಳುವುದರಲ್ಲಿ ಅರ್ಥವಿದೆ. ಕಪ್ಪು ವೃತ್ತದೊಳಗೆ ಗುಂಡನ್ನು ನಿಲ್ಲಿಸಲು ಇನ್ನೂ ಕಲಿಯುತ್ತಿರುವವರು ಅದನ್ನೇ ಅನುಕರಿಸಿದರೆ ಖರ್ಚಾಗುವುದು ಹಣ ಮತ್ತು ಗಮನ ಎರಡೂ. ಗಾಳಿಯ ಒತ್ತಡ ಹೆಚ್ಚಿಸಿ ಪೆಲೆಟ್ಟಿನ ವೇಗ ಏರಿಸುವ ಯೋಚನೆಯಂತೂ ಇನ್ನೂ ದೂರದ್ದು. ಸೆಕೆಂಡಿಗೆ 150 ಮೀಟರಿನ ಆಸುಪಾಸಿನ ವೇಗದಲ್ಲಿ ಪೆಲೆಟ್ಟು ಹೊರಡುತ್ತದೆ, ಶಕ್ತಿ ಐದಾರು ಜೂಲ್. ಕಾಗದಕ್ಕೆ ತೂತು ಕೊರೆಯಲು ಅದು ಧಾರಾಳ. ವೇಗ ಹೆಚ್ಚಿದಷ್ಟೂ ಪಿಸ್ತೂಲಿನ ಎಗರುವಿಕೆ ಹೆಚ್ಚುತ್ತದೆ, ಅಂಕವಲ್ಲ. ಶಕ್ತಿ 20 ಜೂಲ್ ದಾಟಿದ ಏರ್ ಆಯುಧಕ್ಕೆ ನಮ್ಮಲ್ಲಿ ಲೈಸೆನ್ಸ್ ಬೇಕು ಎಂಬುದೂ ನೆನಪಿರಲಿ.

ಹಾಗಾದರೆ ಮೊದಲು ಹಿಡಿ. ಕಾರ್ಖಾನೆಯವರು ಆಕ್ರೋಟು ಮರದ ಹಿಡಿಯನ್ನು ಸಣ್ಣದು, ಮಧ್ಯಮ, ದೊಡ್ಡದು ಎಂದು ಮೂರು ನಾಲ್ಕು ಅಳತೆಗಳಲ್ಲಿ ಕೊಡುತ್ತಾರೆ, ಎಡಗೈಯವರಿಗೆ ಬೇರೆ. ಮನುಷ್ಯರ ಅಂಗೈಗಳು ಮೂರು ನಾಲ್ಕು ಅಳತೆಯಲ್ಲಿಲ್ಲ. ಹೊಸ ಚಪ್ಪಲಿ ಎಲ್ಲಿ ಕಚ್ಚುತ್ತದೆಂಬುದು ಹಾಕಿಕೊಂಡವನ ಕಾಲಿಗೆ ಮಾತ್ರ ಗೊತ್ತಾಗುವಂತೆ, ಹಿಡಿ ಎಲ್ಲಿ ಒತ್ತುತ್ತದೆ, ಎಲ್ಲಿ ಟೊಳ್ಳು ಬಿಟ್ಟಿದೆ ಎಂಬುದು ಆ ಕೈಗೇ ತಿಳಿಯಬೇಕು. ಪರೀಕ್ಷಿಸುವ ಕ್ರಮ ಹಳೆಯದು, ಖರ್ಚಿಲ್ಲದ್ದು. ಪಿಸ್ತೂಲು ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ರೇಂಜಿನಲ್ಲಿ ಗುರಿಯ ಕಡೆಗೆ ನಿಂತು, ಕಣ್ಣು ಮುಚ್ಚಿ ತೋಳನ್ನು ಮೇಲೆತ್ತಿ ಇಳಿಸಿ ನಿಲ್ಲಿಸಬೇಕು. ಆಮೇಲೆ ಕಣ್ಣು ತೆರೆಯಬೇಕು. ಮುಂದಿನ ಸೈಟು ಹಿಂದಿನದರ ಕಚ್ಚಿನ ನಡುವೆ ತಾನಾಗಿ ಬಂದು ನಿಂತಿದ್ದರೆ ಹಿಡಿ ಸರಿಯಿದೆ. ಪ್ರತಿ ಸಲವೂ ಎಡಕ್ಕೇ ವಾಲಿದರೆ, ಇಲ್ಲವೇ ಕೆಳಗೇ ಇಳಿದರೆ, ಶೂಟರ್ ಪ್ರತಿ ಗುಂಡಿಗೂ ಮಣಿಕಟ್ಟನ್ನು ತುಸು ತಿರುಚಿ ಅದನ್ನು ಸರಿಪಡಿಸುತ್ತಿದ್ದಾನೆ ಎಂದರ್ಥ. ತಿರುಚಿದ ಸ್ನಾಯು ದಣಿಯುತ್ತದೆ. ದಣಿದಾಗ ಮೊದಲಿನ ಜಾಗಕ್ಕೇ ಮರಳುತ್ತದೆ, ಅದೂ ಗುಂಡು ಹಾರುವ ಹೊತ್ತಿಗೆ ಸರಿಯಾಗಿ. ನಲವತ್ತನೆಯ ಗುಂಡಿನ ನಂತರ ಅಂಕ ಕುಸಿಯುವ ಅನೇಕರ ತೊಂದರೆಯ ಬೇರನ್ನು ಅವರ ಮನೋಬಲದಲ್ಲಿ ಹುಡುಕುತ್ತಾರೆ. ಹಿಡಿಯಲ್ಲಿ ಹುಡುಕಿದ್ದರೆ ಬೇಗ ಸಿಗುತ್ತಿತ್ತು.

ಹಿಡಿ ತಿದ್ದಲು ಬೇಕಾದ ಸಾಮಾನು ಒಂದು ಅರ, ಉಪ್ಪುಕಾಗದ ಮತ್ತು ಮರಕ್ಕೆ ಮೆತ್ತುವ ಎಪಾಕ್ಸಿ ಪುಟ್ಟಿ. ಒತ್ತುವಲ್ಲಿ ಉಜ್ಜಿ ತೆಗೆಯಬೇಕು, ಟೊಳ್ಳಿದ್ದಲ್ಲಿ ಮೆತ್ತಬೇಕು. ಪಿಸ್ತೂಲನ್ನು ಹಿಡಿದಿಡುವ ಕೆಲಸ ನಡುಬೆರಳು ಮತ್ತು ಉಂಗುರಬೆರಳಿನದು. ಅವು ಹಿಡಿಯನ್ನು ನೇರ ಹಿಂದಕ್ಕೆ, ಅಂಗೈಯ ಬುಡಕ್ಕೆ ಒತ್ತಬೇಕು. ಹೆಬ್ಬೆರಳು ಸುಮ್ಮನೆ ಒರಗಿರಬೇಕು. ತೋರುಬೆರಳು ಮರವನ್ನು ಎಲ್ಲಿಯೂ ಮುಟ್ಟಬಾರದು, ಏಕೆಂದರೆ ಅದು ಟ್ರಿಗರ್ ಎಳೆಯುವಾಗ ಮರವನ್ನೂ ತಳ್ಳುತ್ತದೆ. ಅಂಗೈಯ ಕೆಳಗಿನ ತಟ್ಟೆಯನ್ನು ಬಿಗಿಯಾಗಿ ಮೇಲಕ್ಕೆ ಒತ್ತಿ ಕೈಯನ್ನು ಸಿಕ್ಕಿಸಿಕೊಳ್ಳುವುದು ಹೊಸಬರಿಗೆ ಬಲು ಪ್ರಿಯ; ಹಿಡಿತ ಗಟ್ಟಿ ಎನ್ನಿಸುತ್ತದೆ. ಆದರೆ ರೇಂಜಿನ ಶಾಖಕ್ಕೆ, ಅರ್ಧ ಗಂಟೆಯ ಶೂಟಿಂಗ್‌ಗೆ ಕೈ ತುಸು ಊದಿಕೊಳ್ಳುತ್ತದೆ, ಬೆಳಿಗ್ಗೆ ಸರಿಯಿದ್ದ ಹಿಡಿ ಮಧ್ಯಾಹ್ನ ಹಿಚುಕುತ್ತದೆ. ಅದಕ್ಕೆ ಒಂದಿಷ್ಟು ಜಾಗ ಬಿಡಬೇಕು. ಈ ಕೆಲಸದಲ್ಲಿ ಅವಸರ ಮಾಡಿದಷ್ಟೂ ಕೆಡುತ್ತದೆ. ಒಂದು ಸಲ ತುಸು ಉಜ್ಜಿ, ಒಂದೆರಡು ವಾರ ಹಾಗೇ ಹೊಡೆದು, ಆಮೇಲೆ ಮುಂದಿನ ಉಜ್ಜು. ಜರ್ಮನಿಯ ರಿಂಕ್‌ನಂಥ ಹಿಡಿ ತಯಾರಕರು ಕೈಯ ಅಳತೆ ಕಳಿಸಿದರೆ ಅದಕ್ಕೆ ತಕ್ಕ ಹಿಡಿ ಮಾಡಿಕೊಡುತ್ತಾರೆ. ಅದಕ್ಕೂ ಕೊನೆಯ ತಿದ್ದುಪಡಿ ಕೈಯೇ ಹೇಳಬೇಕು.

ಹಿಡಿ ಕೂತ ಮೇಲೆ ಸೈಟು. ಮನುಷ್ಯನ ಕಣ್ಣು ಒಂದು ಹೊತ್ತಿಗೆ ಒಂದೇ ದೂರವನ್ನು ಸ್ಪಷ್ಟವಾಗಿ ನೋಡಬಲ್ಲದು. ಹಿಂದಿನ ಸೈಟು, ಮುಂದಿನ ಸೈಟು, ಗುರಿ ಈ ಮೂರರಲ್ಲಿ ಯಾವುದನ್ನು ಸ್ಪಷ್ಟವಾಗಿ ನೋಡಬೇಕು? ಓರೆಯಾದರೆ 30 ಪಟ್ಟು ಶಿಕ್ಷೆಯಿರುವುದು ಸೈಟಿಗೆ, ಆದ್ದರಿಂದ ಮುಂದಿನ ಸೈಟು ಸ್ಪಷ್ಟವಾಗಿ ಕಾಣಬೇಕು, ಗುರಿ ಮಸುಕಾಗಿಯೇ ಇರಲಿ. ಎಷ್ಟೋ ಶೂಟರ್‌ಗಳು ಕಪ್ಪು ವೃತ್ತಕ್ಕೆ ನೇರ ಗುರಿಯಿಡದೆ ಅದರ ಕೆಳಗಿನ ಬಿಳಿಯಲ್ಲಿ ಸೈಟನ್ನು ನಿಲ್ಲಿಸಿ, ಪೆಲೆಟ್ಟು ಮೇಲೆ ನಡುವಿಗೆ ಹೋಗುವಂತೆ ಸೈಟನ್ನು ಹೊಂದಿಸುವುದೂ ಇದಕ್ಕಾಗಿಯೇ. ಬಿಳಿಯ ಮೇಲೆ ಕಪ್ಪು ಪಟ್ಟಿ ಸ್ಪಷ್ಟ, ಕಪ್ಪಿನ ಮೇಲೆ ಕಪ್ಪು ಕಳೆದುಹೋಗುತ್ತದೆ. ಕಚ್ಚಿನ ಅಗಲ, ಆಳ, ಮುಂದಿನ ಪಟ್ಟಿಯ ಅಗಲ ಎಲ್ಲವನ್ನೂ ಬದಲಿಸಬಹುದು. ಪಟ್ಟಿಯ ಎರಡೂ ಬದಿಗೆ ಕಾಣುವ ಬೆಳಕಿನ ಸಂದು ತೀರಾ ಕಿರಿದಾದರೆ ಶೂಟರ್ ಅದನ್ನು ಸಮ ಮಾಡುವ ಗೀಳಿಗೆ ಬಿದ್ದು ಟ್ರಿಗರ್ ಎಳೆಯುವುದನ್ನೇ ತಡಮಾಡುತ್ತಾನೆ. ತೀರಾ ಅಗಲವಾದರೆ ಓರೆ ಕಣ್ಣಿಗೆ ಬೀಳುವುದೇ ಇಲ್ಲ. ಬೆಳಕು ಮಂದವಿರುವ ರೇಂಜಿನಲ್ಲಿ ಸಂದು ತುಸು ಹಿಗ್ಗಿಸುವುದು, ಪ್ರಖರ ಬೆಳಕಿನಲ್ಲಿ ಕುಗ್ಗಿಸುವುದು ಸರಿಯಾದ ಕ್ರಮ. ಪಿಸ್ತೂಲಿನ ಮೇಲೆ ಲೆನ್ಸ್, ದುರ್ಬೀನು, ಲೇಸರ್ ಯಾವುದನ್ನೂ ಕೂರಿಸುವಂತಿಲ್ಲ; ದೃಷ್ಟಿದೋಷಕ್ಕೆ ಬೇಕಾದ ಲೆನ್ಸು ಮುಖದ ಮೇಲಿನ ಕನ್ನಡಕದಲ್ಲಿ ಇರಬೇಕು.

ಟ್ರಿಗರ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ: ಹಗುರವಾದಷ್ಟೂ ಒಳ್ಳೆಯದು ಎಂದು. ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕೆಂಬುದು ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮ. ಬ್ಯಾರೆಲ್ಲನ್ನು ನೆಟ್ಟಗೆ ನಿಲ್ಲಿಸಿ, ಟ್ರಿಗರ್‌ಗೆ ತೂಕದ ಬಟ್ಟು ಸಿಕ್ಕಿಸಿ, ಅದು ಆ ಭಾರವನ್ನು ಎತ್ತುತ್ತದೆಯೇ ಎಂದು ಅಧಿಕಾರಿಗಳು ಪರೀಕ್ಷಿಸುತ್ತಾರೆ. 25 ಮೀಟರ್ ಪಿಸ್ತೂಲಿನಲ್ಲಿ ಈ ಮಿತಿ 1000 ಗ್ರಾಂ. ಹೀಗಾಗಿ ಆಟ ನಡೆಯುವುದು ಒಟ್ಟು ಭಾರದಲ್ಲಲ್ಲ, ಅದನ್ನು ಹಂಚುವುದರಲ್ಲಿ. ಸ್ಪರ್ಧಾ ಟ್ರಿಗರ್‌ಗೆ ಎರಡು ಹಂತ. ಬೆರಳು ಮೊದಲ ಹಂತವನ್ನು ಎಳೆದು ಒಂದು ತಡೆಗೆ ಬಂದು ನಿಲ್ಲುತ್ತದೆ, ಆ ತಡೆ ದಾಟಿದರೆ ಗುಂಡು ಹಾರುತ್ತದೆ. 500ರಲ್ಲಿ ಸುಮಾರು 400 ಗ್ರಾಂ ಮೊದಲ ಹಂತಕ್ಕೆ ಕೊಟ್ಟರೆ, ಕೈ ಗುರಿಯ ಕಡೆ ಇಳಿಯುವಾಗಲೇ ಬೆರಳು ಹೆಚ್ಚಿನ ಕೆಲಸ ಮುಗಿಸಿರುತ್ತದೆ, ಸೂಕ್ಷ್ಮ ಕ್ಷಣದಲ್ಲಿ ಉಳಿಯುವುದು ನೂರು ಗ್ರಾಮಿನ ಒತ್ತಡ. ಎರಡನೆಯ ಹಂತವನ್ನು ಇನ್ನೂ ಕಡಿಮೆ ಮಾಡಿದರೆ ತಡೆಯೇ ಬೆರಳಿಗೆ ತಿಳಿಯದೆ ಗುಂಡು ಬೇಡದ ಹೊತ್ತಿನಲ್ಲಿ ಹಾರುತ್ತದೆ. ಅದರ ಭಯಕ್ಕೆ ಬೆರಳು ಟ್ರಿಗರ್ ಮುಟ್ಟಲು ಹಿಂಜರಿಯುತ್ತದೆ, ಆ ಹಿಂಜರಿಕೆ ಎಂಥ ಓರೆಗಿಂತಲೂ ಕೆಟ್ಟದ್ದು. ಗುಂಡು ಹಾರಿದ ಮೇಲೆ ಟ್ರಿಗರ್ ಎಷ್ಟು ಹಿಂದೆ ಹೋಗಬೇಕೆಂಬುದಕ್ಕೆ ಒಂದು ತಡೆಸ್ಕ್ರೂ ಇದೆ. ಅದು ಸಡಿಲವಿದ್ದರೆ ಬೆರಳು ಧುಮುಕಿ, ಪೆಲೆಟ್ಟು ಬ್ಯಾರೆಲ್ಲು ಬಿಡುವ ಮೊದಲೇ ಮೂತಿ ಅಲುಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಟ್ರಿಗರ್‌ನ ಜಾಗ. ಬೆರಳಿನ ಮೊದಲ ಗಿಣ್ಣಿನ ಮೆದು ಭಾಗ ಅದರ ಮೇಲೆ ಕೂತು, ಎಳೆತ ಬ್ಯಾರೆಲ್ಲಿಗೆ ಸಮಾನಾಂತರವಾಗಿ ನೇರ ಹಿಂದಕ್ಕೆ ಬರಬೇಕು. ಚಿಕ್ಕ ಕೈಯವರಿಗೆ ಟ್ರಿಗರ್ ಹಿಂದಕ್ಕೆ ಸರಿಸದಿದ್ದರೆ ಬೆರಳ ತುದಿಯಿಂದ ಓರೆಯಾಗಿ ಎಳೆಯುತ್ತಾರೆ, ಮೂತಿ ಪಕ್ಕಕ್ಕೆ ಹೋಗುತ್ತದೆ. ಎರಡು ಮಿಲಿಮೀಟರಿನ ಈ ಸರಿಸುವಿಕೆಗೆ ಬೇಕಾಗುವುದು ಒಂದು ಅಲೆನ್ ಕೀ.

ತೂಕದ ಹೊಂದಾಣಿಕೆಯನ್ನು ಬೇಗ ಹೇಳಿ ಮುಗಿಸಬಹುದು. ಬ್ಯಾರೆಲ್ಲಿನ ಕೆಳಗೆ ಸಣ್ಣ ಸಣ್ಣ ತೂಕಗಳನ್ನು ಜೋಡಿಸಿ ಮೂತಿ ಭಾರ ಮಾಡಿದರೆ ಅಲುಗಾಟ ನಿಧಾನವಾಗುತ್ತದೆ. ತೋಳು ಬೇಗ ಸೋಲುತ್ತದೆ. ಅರವತ್ತು ಗುಂಡು ಎಂದರೆ ಅರವತ್ತು ಸಲ ಎತ್ತುವುದಲ್ಲ, ಅದಕ್ಕೆ ಮೊದಲಿನ ಪರೀಕ್ಷಾ ಗುಂಡುಗಳು, ಸರಿಬಾರದೆ ಅರ್ಧಕ್ಕೇ ಇಳಿಸಿದವು ಸೇರಿ ಅದಕ್ಕಿಂತ ಬಹಳ ಹೆಚ್ಚು. ಗರಿಷ್ಠ ಮಿತಿ 1500 ಗ್ರಾಂ ಇದ್ದರೂ ಬಹುತೇಕ ಏರ್ ಪಿಸ್ತೂಲುಗಳು ಒಂದು ಕಿಲೋದ ಆಸುಪಾಸಿನಲ್ಲೇ ಉಳಿದಿರುವುದಕ್ಕೆ ಇದೇ ಕಾರಣ.

ಇಷ್ಟೆಲ್ಲ ಬದಲಿಸಬಹುದಾದರೆ ಆಟ ಮನುಷ್ಯರದ್ದೋ ಯಂತ್ರದ್ದೋ ಎಂಬ ಆಕ್ಷೇಪ ನ್ಯಾಯವಾದದ್ದೇ. ಇದಕ್ಕೆ ಉತ್ತರ ನಿಯಮಗಳ ಇತಿಹಾಸದಲ್ಲಿದೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್ ಕಾಲಕ್ಕೆ ಸೋವಿಯತ್ ಶೂಟರ್‌ಗಳು 'ರೆಕಾರ್ಡ್' ಎಂಬ ವಿಚಿತ್ರ ಪಿಸ್ತೂಲು ತಂದಿದ್ದರು. ಅದನ್ನು ತಲೆಕೆಳಗಾಗಿ ಕಟ್ಟಿದಂತಿತ್ತು, ಬ್ಯಾರೆಲ್ಲು ಕೈಯ ಮಟ್ಟಕ್ಕೆ ಇಳಿದಿತ್ತು, ಹಾಗಾಗಿ ಗುಂಡು ಹಾರಿದಾಗ ಮೂತಿ ಮೇಲಕ್ಕೆ ಎಗರುತ್ತಿರಲಿಲ್ಲ. ವೇಗವಾಗಿ ಐದು ಗುರಿಗಳಿಗೆ ಹೊಡೆಯುವ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಅದು ದೊಡ್ಡ ಅನುಕೂಲ. ನಂತರದ ನಿಯಮ ಅದಕ್ಕೆ ಬಾಗಿಲು ಮುಚ್ಚಿತು: 25 ಮೀಟರ್ ಪಿಸ್ತೂಲಿನ ಬ್ಯಾರೆಲ್ಲಿನ ಅಕ್ಷ ಹೆಬ್ಬೆರಳು-ತೋರುಬೆರಳಿನ ನಡುವಿನ ಸಂದಿಗಿಂತ ಮೇಲೆ ಹಾದುಹೋಗಬೇಕು. 2005ರಲ್ಲಿ ಅದೇ ಸ್ಪರ್ಧೆಯ ಮೆದು ಗುಂಡನ್ನು ಬಿಟ್ಟು ಎಲ್ಲರೂ .22 ಲಾಂಗ್ ರೈಫಲ್ ಗುಂಡನ್ನೂ 1000 ಗ್ರಾಂ ಟ್ರಿಗರನ್ನೂ ಬಳಸಬೇಕೆಂದಾದಾಗ ಅದುವರೆಗಿನ ವಿಶೇಷ ಪಿಸ್ತೂಲುಗಳು ಒಂದೇ ಏಟಿಗೆ ಹಳತಾದವು. ಏರ್ ಪಿಸ್ತೂಲು ಇಡಿಯಾಗಿ 420, 200, 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯೊಳಗೆ ಹಿಡಿಸಬೇಕು. ಹಿಡಿಯ ಯಾವ ಭಾಗವೂ ಕೈಯನ್ನು ಸುತ್ತುವರಿಯಬಾರದು, ಮಣಿಕಟ್ಟಿಗೆ ಆಸರೆ ಕೊಡಬಾರದು. ಈ ನಿಯಮಗಳ ಸಾಲನ್ನು ಒಟ್ಟಿಗೆ ನೋಡಿದರೆ ಒಂದು ನೀತಿ ಕಾಣುತ್ತದೆ: ಕೈಯ ಕೆಲಸವನ್ನು ಸುಲಭಗೊಳಿಸುವ ಹೊಂದಾಣಿಕೆಗೆ ಅವಕಾಶವಿದೆ, ಕೈಯ ಕೆಲಸವನ್ನು ಯಂತ್ರವೇ ಮಾಡುವುದಕ್ಕೆ ಇಲ್ಲ. ಆ ಗೆರೆ ಸರಿಯಾದ ಜಾಗದಲ್ಲಿದೆ ಎಂದೇ ನನ್ನ ನಂಬಿಕೆ.

ದುಡ್ಡಿದ್ದವರೇ ಗೆಲ್ಲುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಪಿಸ್ತೂಲು ದುಬಾರಿ, ಅದನ್ನು ಅಲ್ಲಗಳೆಯಲಾಗದು. ಸ್ಟೈಯರ್, ಮೊರಿನಿ, ಫೈನ್‌ವೆರ್ಕ್‌ಬಾವ್, ವಾಲ್ಥರ್, ಪಾರ್ಡಿನಿ ಎಲ್ಲವೂ ಯುರೋಪಿನವು, ಬೆಲೆ ಲಕ್ಷ ದಾಟುತ್ತದೆ, ಮಧ್ಯಮ ವರ್ಗದ ಮನೆಗೂ ಅದು ಹೊರೆಯೇ. ಆದರೆ ಒಮ್ಮೆ ಅಂಥ ಪಿಸ್ತೂಲು ಕೈಗೆ ಬಂದ ಮೇಲೆ, ಅದು ಕ್ಲಬ್ಬಿನದೇ ಇರಲಿ, ಸೆಕೆಂಡ್ ಹ್ಯಾಂಡೇ ಇರಲಿ, ಅಂಕ ಹೆಚ್ಚಿಸುವ ಹೊಂದಾಣಿಕೆಗಳು ಬಹುಪಾಲು ಪುಕ್ಕಟೆ. ಹೆಚ್ಚಿನ ದುಡ್ಡು ಏನನ್ನು ಕೊಡಲಾರದು ಎಂಬುದಕ್ಕೆ ದಕ್ಷಿಣ ಕೊರಿಯಾದ ಜಿನ್ ಜೊಂಗ್-ಓ ಉದಾಹರಣೆ. 2016ರ ರಿಯೊ ಒಲಿಂಪಿಕ್ಸ್‌ಗೆ ಮೊರಿನಿ ಕಂಪನಿ ಅವರಿಗಾಗಿಯೇ ಕೆಂಪು ಬಣ್ಣದ ಪಿಸ್ತೂಲು ತಯಾರಿಸಿತ್ತು. ಅದೇ ಪಿಸ್ತೂಲಿನಿಂದ 50 ಮೀಟರ್ ಫೈನಲ್‌ನಲ್ಲಿ ಅವರು ಒಮ್ಮೆ 6.6 ಹೊಡೆದರು, ಸ್ಪರ್ಧೆಯಿಂದ ಹೊರಬೀಳುವ ಅಂಚಿಗೆ ಬಂದರು. ಅಲ್ಲಿಂದ ಚೇತರಿಸಿಕೊಂಡು ಆ ಸ್ಪರ್ಧೆಯಲ್ಲಿ ಸತತ ಮೂರನೆಯ ಒಲಿಂಪಿಕ್ ಚಿನ್ನ ಗೆದ್ದರು. 6.6 ಹೊಡೆದದ್ದೂ ಚೇತರಿಸಿಕೊಂಡದ್ದೂ ಮನುಷ್ಯನೇ. ಕೈಗೆ ಹೊಂದಿದ ಪಿಸ್ತೂಲು ಮಾಡಿದ ಉಪಕಾರವೆಂದರೆ, ಆ 6.6ಕ್ಕೆ ಕಾರಣ ತಾನೇ ಎಂದು ಅವರಿಗೆ ಅನುಮಾನಕ್ಕೆ ಎಡೆಯಿಲ್ಲದಂತೆ ತಿಳಿಯಿತು, ತಿದ್ದಿಕೊಳ್ಳಬೇಕಾದದ್ದು ಎಲ್ಲಿ ಎಂಬ ಗೊಂದಲ ಉಳಿಯಲಿಲ್ಲ ಎಂದು ನಾನು ಭಾವಿಸುತ್ತೇನೆ.

ಕೋಚ್‌ಗಳು ಎತ್ತುವ ಆಕ್ಷೇಪ ಇವೆರಡಕ್ಕಿಂತ ಗಂಭೀರ. ಸ್ಕ್ರೂ ತಿರುಗಿಸುವ ಚಟ ಹತ್ತಿದ ಹುಡುಗ ಅಭ್ಯಾಸ ಮಾಡುವುದಿಲ್ಲ, ಪ್ರತಿ ಕೆಟ್ಟ ಗುಂಡಿಗೂ ಪಿಸ್ತೂಲನ್ನು ದೂರುತ್ತಾನೆ ಎನ್ನುತ್ತಾರೆ. ನಿಜ. ಆದರೆ ಅದಕ್ಕೆ ಮದ್ದು ಹೊಂದಾಣಿಕೆಯನ್ನೇ ನಿಷೇಧಿಸುವುದಲ್ಲ, ಅದನ್ನು ಪ್ರಯೋಗದ ಶಿಸ್ತಿಗೆ ತರುವುದು. ಸರಾಸರಿ 95 ಹೊಡೆಯುವವರ ಹತ್ತು ಗುಂಡಿನ ಸರಣಿ ಏನನ್ನೂ ಬದಲಿಸದೆಯೂ ಒಂದು ದಿನ 92ಕ್ಕೆ ಇಳಿಯುತ್ತದೆ, ಇನ್ನೊಂದು ದಿನ 98ಕ್ಕೆ ಏರುತ್ತದೆ. ಟ್ರಿಗರ್ ಬದಲಿಸಿದ ಮೇಲೆ ಬಂದ ಒಂದು 98ರಿಂದ ಆ ಬದಲಾವಣೆ ಒಳ್ಳೆಯದೆಂದು ತೀರ್ಮಾನಿಸುವುದು ಕಾಕತಾಳೀಯವನ್ನು ನಂಬಿದಂತೆ. ಒಂದು ಹೊತ್ತಿಗೆ ಒಂದೇ ಬದಲಾವಣೆ. ಹಳೆಯ ಸ್ಥಿತಿಯನ್ನು ಸ್ಕ್ರೂವಿನ ಸುತ್ತುಗಳ ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆದಿಡುವುದು. ಕೆಲವು ನೂರು ಗುಂಡುಗಳ ನಂತರ ಅಂಕವನ್ನಷ್ಟೇ ನೋಡದೆ, ತೂತುಗಳ ಗುಂಪು ಯಾವ ದಿಕ್ಕಿಗೆ ಉದ್ದವಾಗಿದೆ ಎಂದು ನೋಡುವುದು. ಅಡ್ಡಕ್ಕೆ ಹರಡಿದ ಗುಂಪಿದ್ದರೆ ಬೆರಳನ್ನೂ ಹಿಡಿಯ ಬದಿಗಳನ್ನೂ ಮೊದಲು ಅನುಮಾನಿಸಬೇಕು, ಉದ್ದಕ್ಕೆ ಹರಡಿದ್ದರೆ ಮಣಿಕಟ್ಟು ಮತ್ತು ತೋಳಿನ ದಣಿವನ್ನು. ಸ್ಪರ್ಧೆಗೆ ಮೊದಲಿನ ಕೆಲವು ವಾರ ಸೈಟಿನ ಹೊರತು ಯಾವುದನ್ನೂ ಮುಟ್ಟಬಾರದು. ಹೀಗೆ ಮಾಡುವ ಶೂಟರ್ ಪಿಸ್ತೂಲನ್ನು ದೂರುವುದಿಲ್ಲ. ದೂರುವ ಮೊದಲು ಪುಸ್ತಕ ತೆರೆಯುತ್ತಾನೆ.

ಹೊಂದಾಣಿಕೆಗೆ ಒಂದು ಬೆಲೆಯೂ ಇದೆ, ಅದನ್ನು ಮರೆಮಾಚುವುದು ತಪ್ಪು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಜುಲೈ 25ರಂದು, ಭಾರತದ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೆಟ್ಟಿತು. ಎಲೆಕ್ಟ್ರಾನಿಕ್ ಟ್ರಿಗರ್ ಇದ್ದ ಪಿಸ್ತೂಲು ಅದು. ದುರಸ್ತಿಗೆ ಅಮೂಲ್ಯ ನಿಮಿಷಗಳು ಹೋದವು, ಉಳಿದ ಗುಂಡುಗಳನ್ನು ಆತುರದಲ್ಲಿ ಹೊಡೆಯಬೇಕಾಯಿತು. 575 ಅಂಕ, 12ನೇ ಸ್ಥಾನ, ಎರಡು ಅಂಕದಲ್ಲಿ ಫೈನಲ್ ತಪ್ಪಿತು. ಬದಲಿ ಪಿಸ್ತೂಲು ತಂದುಕೊಂಡರೆ ಸೈಟನ್ನು ಮತ್ತೆ ಹೊಂದಿಸುವ ಕೆಲಸ ತಪ್ಪುವುದಿಲ್ಲ. ಕೈಗೆ ಎಷ್ಟು ಚೆನ್ನಾಗಿ ಹೊಂದಿಸಿಕೊಂಡಿರುತ್ತೇವೋ ಬೇರೆ ಪಿಸ್ತೂಲು ಅಷ್ಟೇ ಪರಕೀಯ ಎನ್ನಿಸುತ್ತದೆ. ಹಾಗಾಗಿ ಎಲೆಕ್ಟ್ರಾನಿಕ್ ಟ್ರಿಗರ್‌ನ ಚುರುಕು ಬೇಕೆನ್ನುವವರು ಬ್ಯಾಟರಿ, ಲಿವರು, ಸೀಲುಗಳ ತಪಾಸಣೆಯನ್ನೂ, ಅದೇ ಹಿಡಿ ಕೂಡುವ ಎರಡನೆಯ ಪಿಸ್ತೂಲನ್ನೂ ಟ್ಯೂನಿಂಗ್‌ನ ಭಾಗವೆಂದೇ ಎಣಿಸಬೇಕು. 200 ಬಾರ್ ಒತ್ತಡ ತುಂಬುವ ಗಾಳಿಯ ಸಿಲಿಂಡರಿಗೆ ಗರಿಷ್ಠ ಹತ್ತು ವರ್ಷದ ಆಯುಷ್ಯವೆಂಬ ನಿಯಮವಿದೆ. ಅದು ಕೈಯ ಸುರಕ್ಷತೆಯ ಪ್ರಶ್ನೆ, ಅವಧಿ ಮೀರಿದ್ದನ್ನು ಅಭ್ಯಾಸಕ್ಕೂ ಬಳಸಬಾರದು. ಟೋಕಿಯೊದ ಮೂರು ವರ್ಷದ ನಂತರ ಪ್ಯಾರಿಸ್‌ನಲ್ಲಿ ಮನು 221.7 ಅಂಕಗಳೊಂದಿಗೆ ಕಂಚು ಗೆದ್ದರು, ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಕಂಚನ್ನೂ ಗೆದ್ದರು. ವೈಯಕ್ತಿಕ ಸ್ಪರ್ಧೆಯಲ್ಲಿ ಬೆಳ್ಳಿಯ ಹೋರಾಟ ಅವರಿಗೆ ತಪ್ಪಿದ್ದು 0.1 ಅಂಕದಲ್ಲಿ. ಗುರಿಯ ಮೇಲೆ ಅದು 0.8 ಮಿಲಿಮೀಟರ್, ಸೈಟಿನ ಬಳಿ ಮಿಲಿಮೀಟರಿನ ನಲವತ್ತರಲ್ಲಿ ಒಂದು ಪಾಲಿಗೆ ಹತ್ತಿರ.

ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲ್ ಬೆಳ್ಳಿ ಗೆದ್ದು, ರಿಯೊ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಪಿಸ್ತೂಲಿನಲ್ಲಿ ಸ್ಪರ್ಧಿಸಿದವರು. ದಿವ್ಯಾ ಟಿ.ಎಸ್. 2023ರಲ್ಲಿ ಹಾಂಗ್‌ಜೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಿಂದ ಎರಡು ಬೆಳ್ಳಿ ತಂದರು, ಒಂದು ಮಹಿಳಾ ತಂಡದೊಂದಿಗೆ, ಇನ್ನೊಂದು ಸರಬ್ಜೋತ್ ಜೊತೆ. ಇಂಥವರನ್ನು ನೋಡಿ ರೇಂಜಿಗೆ ಬರುವ ಹತ್ತು ಹನ್ನೆರಡು ವರ್ಷದ ಮಕ್ಕಳ ಕೈಗೆ ಸಿಗುವುದು ಸಾಮಾನ್ಯವಾಗಿ ಕ್ಲಬ್ಬಿನ ಹಂಚಿಕೆಯ ಪಿಸ್ತೂಲು, ವಯಸ್ಕರ ಅಳತೆಯ ಹಿಡಿ. ಮಗು ಅದಕ್ಕೆ ತಕ್ಕಂತೆ ಕೈ ತಿರುಚಿಕೊಳ್ಳುತ್ತದೆ, ಮಕ್ಕಳು ಏನನ್ನಾದರೂ ಒಗ್ಗಿಸಿಕೊಳ್ಳಬಲ್ಲರು. ಆ ತಿರುಚುವಿಕೆ ಸಾವಿರಾರು ಗುಂಡುಗಳಲ್ಲಿ ಗಟ್ಟಿಯಾಗಿ, ನಾಳೆ ಸ್ವಂತ ಪಿಸ್ತೂಲು ಬಂದಾಗಲೂ ಹೋಗುವುದಿಲ್ಲ. ಪ್ರತಿ ಕ್ಲಬ್ಬಿನಲ್ಲೂ ಪಿಸ್ತೂಲು ಒಂದೇ ಇದ್ದರೂ ಸಣ್ಣ ಅಳತೆಯ ಹಿಡಿಗಳು ಎರಡು ಮೂರು ಇರಲಿ. ಹಿಡಿ ಬದಲಿಸಲು ಒಂದು ಸ್ಕ್ರೂ ಬಿಚ್ಚಿದರಾಯಿತು. ಅರ ಹಿಡಿಯಲು ಬಲ್ಲ ಒಬ್ಬರು ವಾರಕ್ಕೊಮ್ಮೆ ಬಂದು ಮಕ್ಕಳ ಕೈ ನೋಡಲಿ. ಮರಗೆಲಸ ಬಲ್ಲವರಿಗೆ ಈ ನಾಡಿನಲ್ಲಿ ಬರವಿಲ್ಲ, ಅವರಿಗೆ ಅಂಗೈ ಎಲ್ಲಿ ಒತ್ತಬೇಕು, ಬೆರಳು ಎಲ್ಲಿ ಬಿಡುವಾಗಿರಬೇಕು ಎಂದು ಕೋಚ್ ಪಕ್ಕದಲ್ಲಿ ನಿಂತು ತೋರಿಸಿದರೆ ಸಾಕು.